ಹಣ ಮಗುವಿನ ಹಿಂದೆ ಹೋದರೆ, ಊರಿನ ಶಾಲೆಗೆ ಉಳಿಯುವುದೇನು?

‘ಸರ್ಕಾರ ಶಾಲೆ ನಡೆಸುವುದೇಕೆ? ಅದೇ ಹಣವನ್ನು ವೋಚರ್ ರೂಪದಲ್ಲಿ ಪೋಷಕರ ಕೈಗೆ ಕೊಡಲಿ, ಅವರಿಗೆ ಇಷ್ಟವಾದ ಶಾಲೆಗೆ ಮಗುವನ್ನು ಸೇರಿಸಲಿ’ ಎನ್ನುವವರಿದ್ದಾರೆ. ಈ ವಾದ ಹೊಸದಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲೇ ಇದನ್ನು ಮುಂದಿಟ್ಟಿದ್ದರು. ಚಿಲಿ ದೇಶ 1981ರಲ್ಲಿ ಜಾರಿಗೂ ತಂದಿತು. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಇದಕ್ಕೆ ಹತ್ತಿರದ ಯೋಜನೆಯೊಂದನ್ನು ಕರ್ನಾಟಕವೇ ನಡೆಸಿ ನೋಡಿದೆ.

ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ಸೆಕ್ಷನ್ ಪ್ರಕಾರ ಖಾಸಗಿ ಶಾಲೆಗಳು ಶೇ 25ರಷ್ಟು ಸೀಟುಗಳನ್ನು ಬಡ ಮತ್ತು ಹಿಂದುಳಿದ ಕುಟುಂಬಗಳ ಮಕ್ಕಳಿಗೆ ಕೊಡಬೇಕು. ಶುಲ್ಕವನ್ನು ಸರ್ಕಾರ ತುಂಬಿಕೊಡುತ್ತದೆ. ನಮ್ಮ ರಾಜ್ಯದಲ್ಲಿ ಇದು 2012-13ರಲ್ಲಿ ಶುರುವಾಯಿತು. ಆಗ ಒಂದನೇ ತರಗತಿಯ ಮಗುವಿಗೆ ಗರಿಷ್ಠ 11,848 ರೂಪಾಯಿ ಇದ್ದದ್ದು, ಬಳಿಕ 16,000 ರೂಪಾಯಿ ಆಯಿತು. ಸಾವಿರಾರು ಬಡ ಮಕ್ಕಳಿಗೆ ಇದರಿಂದ ಅನುಕೂಲವಾಯಿತು, ಅದನ್ನು ಅಲ್ಲಗಳೆಯಬಾರದು. ಆದರೆ ಸರ್ಕಾರಿ ಶಾಲೆಯ ಲೆಕ್ಕ ಏನಾಯಿತು?

ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಎಂದು ನಾವು ಎಂಜಿನಿಯರಿಂಗ್‌ನಲ್ಲಿ ಓದುತ್ತೇವೆ. ಅದನ್ನೇ ಇಲ್ಲಿ ಅನ್ವಯಿಸಿ. ನಮ್ಮ ಹೆಗ್ಗದ್ದೆಯಂಥ ಮಲೆನಾಡಿನ ಊರಿನಲ್ಲಿ 20 ಮಕ್ಕಳ ಶಾಲೆ ಇದೆ ಎಂದುಕೊಳ್ಳಿ. ಐವರು ಖಾಸಗಿ ಶಾಲೆಗೆ ಹೋದರೆ ಸರ್ಕಾರ ಅಲ್ಲಿಗೆ ವರ್ಷಕ್ಕೆ 80,000 ರೂಪಾಯಿವರೆಗೆ ಕೊಡಬೇಕು. ಇಲ್ಲಿ ಉಳಿಯುವುದು ಐದು ಮಕ್ಕಳ ಬಿಸಿಯೂಟ, ಪುಸ್ತಕ, ಸಮವಸ್ತ್ರದ ಖರ್ಚು ಮಾತ್ರ. ಮಳೆಗಾಲದಲ್ಲಿ ಸೋರುವ ಹೆಂಚು ಐದು ಮಕ್ಕಳು ಹೋದರೆಂದು ಕಡಿಮೆ ಸೋರುವುದಿಲ್ಲ. ಮೇಷ್ಟ್ರ ಸಂಬಳವೂ ಇಳಿಯುವುದಿಲ್ಲ.

ದೊಡ್ಡ ಶಾಲೆಗೆ ಬೀಳುವ ಪೆಟ್ಟು ಬೇರೆ ಥರದ್ದು. ಕಾಯ್ದೆಯಂತೆ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. 65 ಮಕ್ಕಳಿದ್ದ ಶಾಲೆ 58ಕ್ಕೆ ಇಳಿದರೆ ಮೂರನೆಯವರು ‘ಹೆಚ್ಚುವರಿ ಶಿಕ್ಷಕ’ರಾಗಿ ವರ್ಗವಾಗುತ್ತಾರೆ. ಐದು ತರಗತಿಗೆ ಇಬ್ಬರೇ ಉಳಿಯುತ್ತಾರೆ. ಅದನ್ನು ನೋಡಿ ಇನ್ನಷ್ಟು ಪೋಷಕರು ಮಕ್ಕಳನ್ನು ಬಿಡಿಸುತ್ತಾರೆ. ಡಿ.ಇಡಿ, ಬಿ.ಇಡಿ ಮುಗಿಸಿ ಟಿಇಟಿ ಬರೆದು ನೇಮಕಾತಿಗೆ ಕಾಯುತ್ತಿರುವ ಗೆಳೆಯರೇ, ಇಲ್ಲಿ ಕರಗುತ್ತಿರುವುದು ನಿಮ್ಮದೇ ಹುದ್ದೆ.

ಪೋಷಕರಿಗೆ ಆಯ್ಕೆ ಬೇಡವೇ ಎಂದು ಕೇಳಬಹುದು. ಬೇಕು. ಆದರೆ ಆಯ್ಕೆ ಮಾಡಲು ಹತ್ತಿರದಲ್ಲಿ ಎರಡು ಶಾಲೆಗಳಾದರೂ ಇರಬೇಕಲ್ಲ! ಕಾಫಿ ತೋಟದ ಲೈನ್ ಮನೆಯಲ್ಲಿರುವ ಕಾರ್ಮಿಕರ ಮಗುವಿಗೆ ವೋಚರ್ ಕೊಟ್ಟರೂ ಪೇಟೆಯ ಶಾಲೆಗೆ ಹೋಗಲು ವ್ಯಾನ್ ಬಾಡಿಗೆ ಕೊಡುವವರು ಯಾರು? ಆನೆ ಓಡಾಡುವ ದಾರಿಯಲ್ಲಿ ಆ ಮಗು ನಡೆದು ಹೋಗಬಲ್ಲದು ಎಂದರೆ, ಅದು ಊರಿನ ಶಾಲೆಗೆ ಮಾತ್ರ, ಅದೂ ದೊಡ್ಡವರ ಜೊತೆಗೆ.

2019ರಲ್ಲಿ ರಾಜ್ಯ ಸರ್ಕಾರ ನಿಯಮ ಬದಲಿಸಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಗೆ ಆರ್‌ಟಿಇ ಸೀಟಿಲ್ಲ ಎಂದಿತು. ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಲಕ್ಷ ದಾಟಿದ್ದ ಸೀಟುಗಳು ಕೆಲವು ಸಾವಿರಕ್ಕೆ ಇಳಿದವು. ಅದೇ ವರ್ಷ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವೂ ಶುರುವಾಯಿತು. ದಾರಿ ಸರಿಯಾದದ್ದೇ, ಆದರೆ ಅರ್ಧ ದಾರಿ. ಬಡವರ ಮಗುವಿಗೆ ಖಾಸಗಿ ಶಾಲೆಯ ಬಾಗಿಲು ಮುಚ್ಚಿದ ಮೇಲೆ ಸರ್ಕಾರಿ ಶಾಲೆಯನ್ನು ಚೆನ್ನಾಗಿಡುವ ಹೊಣೆ ಇಮ್ಮಡಿಯಾಗುತ್ತದೆ. ಶುಲ್ಕ ಮರುಪಾವತಿಯಲ್ಲಿ ಉಳಿದ ಪ್ರತಿ ರೂಪಾಯಿ ಸರ್ಕಾರಿ ಶಾಲೆಗೇ ಹೋಗಿದೆ ಎಂದು ಬಜೆಟ್‌ನಲ್ಲಿ ಬೇರೆಯಾಗಿ ತೋರಿಸಲಿ. ಗುಡ್ಡಗಾಡಿನ ಶಾಲೆಗಳಿಗೆ ಮಕ್ಕಳ ತಲೆ ಎಣಿಸಿ ಶಿಕ್ಷಕರನ್ನು ಕೊಡುವ ಬದಲು ತರಗತಿ ಎಣಿಸಿ ಕೊಡಲಿ. ಮತ ಕೇಳಲು ಬರುವವರ ಮುಂದೆ ನಾವು ಯುವಕರು ಈ ಎರಡು ಬೇಡಿಕೆಗಳನ್ನಾದರೂ ಇಡೋಣ.