ಅಂಗಳಕ್ಕೆ ಕನ್ನಡಿ ಹಾಸಬೇಡಿ, ಮಾರಾಯರೇ!

ಮಳೆ ಬಿಟ್ಟು ಕೆಲಸದವರು ಸಿಗಲು ಸುರುವಾದೊಡನೆ ನಮ್ಮ ಮಂಗಳೂರು ಕಡೆ ಅಂಗಳ ಅಗೆಯುವ ಸುಗ್ಗಿ. ಮನೆಯೆದುರು ಮಣ್ಣು ಕಂಡರೆ ಮರ್ಯಾದೆಗೆ ಕಡಿಮೆ ಎಂಬ ಭಾವನೆ ಬಂದುಬಿಟ್ಟಿದೆ. ಒಕ್ಕಲಿಗೆ ಬಂದ ನೆಂಟರ ಮುಖ ನೆಲದಲ್ಲಿ ಕಾಣಬೇಕು. ಹಾಗೆ ಹೊಳೆಯುವ ಟೈಲ್ಸು ಗೇಟಿನವರೆಗೆ!

ಆದರೆ ಈ ಊರಿನ ಮಳೆಗೆ ಯಾರ ಮರ್ಯಾದೆಯ ಹಂಗೂ ಇಲ್ಲ. ವರ್ಷಕ್ಕೆ 3,500 ಮಿಲ್ಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ನುಣುಪು ಟೈಲ್ಸಿನ ಮೇಲೆ ನೀರು ನಿಂತರೆ ಕಾಲಿಗೆ ಹಿಡಿತ ಎಲ್ಲಿಂದ ಬರಬೇಕು? ಆಟಿ ತಿಂಗಳಲ್ಲಿ ಪಾಚಿಯೂ ಸೇರಿದರೆ ಕಥೆ ಮುಗಿಯಿತು. ಹೂ ಕೊಯ್ಯಲು ಇಳಿದ ಅಜ್ಜಿ ಜಾರಿದರೆ ಸೊಂಟದ ಮೂಳೆ ಹೋಯಿತು. ಎಪ್ಪತ್ತು ದಾಟಿದ ಮೇಲೆ ಸೊಂಟ ಮುರಿದುಕೊಂಡವರಲ್ಲಿ ಅನೇಕರು ಮತ್ತೆ ಮೊದಲಿನಂತೆ ನಡೆದದ್ದಿಲ್ಲ. ಅಂಗಳದ ಅಂದಕ್ಕೆ ಇಷ್ಟು ದೊಡ್ಡ ಬೆಲೆ ಯಾಕೆ ಸ್ವಾಮಿ?

ಹಿಂದಿನವರೇನು ದಡ್ಡರಲ್ಲ. ಮಳೆಗಾಲಕ್ಕೆ ಮುಂಚೆ ಅಂಗಳಕ್ಕೆ ಸೋಗೆ ಹಾಸಿ, ನಡೆಯಲು ಅಡಿಕೆ ದಬ್ಬೆ ಹಾಕುತ್ತಿದ್ದರು. ಮಣ್ಣು ಕೊಚ್ಚಿ ಹೋಗುತ್ತಿರಲಿಲ್ಲ, ಕಾಲೂ ಜಾರುತ್ತಿರಲಿಲ್ಲ. ಈಗ ಅದನ್ನೇ ಮಾಡಿ ಎಂದರೆ ಯಾರೂ ಕೇಳಲಿಕ್ಕಿಲ್ಲ. ಟೈಲ್ಸು ಬೇಡವೆಂದು ನಾವೂ ಹೇಳುವುದಿಲ್ಲ. ಆದರೆ ಆರಿಸುವಾಗ ಕಣ್ಣಿಗಿಂತ ಮೊದಲು ಕಾಲನ್ನು ಕೇಳಿ.

1865ರಲ್ಲೇ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ಹಾಕಿದ ಊರು ನಮ್ಮದು. ಈಗ ಅಂಗಡಿ ತುಂಬ ಗುಜರಾತಿನ ಮೋರ್ಬಿಯ ಮಾಲು. ಮಾಲು ಕೆಟ್ಟದ್ದಲ್ಲ. ಆದರೆ ಚಾವಡಿಗೆಂದು ಮಾಡಿದ್ದನ್ನು ಮಳೆಗೆ ಒಡ್ಡಿದರೆ ಅದು ತಾನೇ ಎಂತ ಮಾಡೀತು? ಅಂಗಡಿಯವರಲ್ಲಿ ಒಂದು ಚೆಂಬು ನೀರು ಕೇಳಿ. ಟೈಲ್ಸಿನ ಮೇಲೆ ಹೊಯ್ದು, ಚಪ್ಪಲಿ ಕಳಚಿ ನಿಂತು ನೋಡಿ. ಕಾಲು ಸರಿದರೆ ಆ ಮಾಲು ಬೇಡ. ಜಾರದಿರುವಿಕೆಗೆ ಆರ್-9ರಿಂದ ಆರ್-13ರವರೆಗೆ ಒಂದು ಅಳತೆ ಉಂಟು. ಹೊರಗಡೆಗೆ ಆರ್-11 ಅಥವಾ ಮೇಲಿನದು ಕೊಡಿ ಅನ್ನಿ. ಅಗ್ಗಕ್ಕೆ ಸಿಕ್ಕಿತೆಂದು ಗೋಡೆಯ ಟೈಲ್ಸನ್ನು ನೆಲಕ್ಕೆ ತರಲೇಬೇಡಿ. ಅದು ನೀರು ಕುಡಿಯುತ್ತದೆ, ಭಾರ ಬಿದ್ದರೆ ಒಡೆಯುತ್ತದೆ.

ಕಲ್ಲು ಹಾಸುವವರಿಗೂ ಒಂದು ಮಾತು. ಶಹಾಬಾದ್ ಕಲ್ಲಾಗಲಿ, ಕಡಪ ಕಲ್ಲಾಗಲಿ, ಪಾಲಿಶ್ ಮಾಡದ ಒರಟು ಮುಖದ್ದನ್ನೇ ತನ್ನಿ. ಗ್ರಾನೈಟಾದರೆ ಮೇಲ್ಮೈ ಸುಟ್ಟು ಒರಟು ಮಾಡಿದ್ದು ಸಿಗುತ್ತದೆ, ಅದು ಆದೀತು. ಕೆಂಪು ಮಣ್ಣಿನ ಟೈಲ್ಸು ಮಾಡಿನ ಕೆಳಗಿನ ಜಗಲಿಗೆ ಬಹಳ ಚಂದ. ಬಯಲಿಗೆ ಹಾಕಿದರೆ ನೀರು ಹೀರಿ ಬೇಗ ಪಾಚಿ ಕಟ್ಟುತ್ತದೆ. ಯಾವುದನ್ನೇ ಹಾಕಿ, ಹತ್ತು ಅಡಿಗೆ ಎರಡು ಇಂಚಿನ ಇಳಿಜಾರು ಮನೆಯಿಂದ ಹೊರಕ್ಕೆ ಇರಲಿ. ಮೇಸ್ತ್ರಿ ‘ಸಾಕು ಸಾಕು’ ಅಂದರೂ ನೀರು ಬಿಟ್ಟು ನೋಡದೆ ಪೂರ್ತಿ ಹಣ ಕೊಡಬೇಡಿ.

ಇನ್ನು ದೊಡ್ಡ ಸಂಗತಿಗೆ ಬರೋಣ. ಎರಡು ಸೆಂಟ್ಸಿನ ಅಂಗಳ ಅಂದರೆ ಸುಮಾರು 870 ಚದರ ಅಡಿ. ನಮ್ಮ ಮಳೆಯ ಲೆಕ್ಕದಲ್ಲಿ ಅಷ್ಟು ಜಾಗಕ್ಕೆ ವರ್ಷಕ್ಕೆ ಸುಮಾರು 2.8 ಲಕ್ಷ ಲೀಟರು ನೀರು ಬೀಳುತ್ತದೆ. ಮಣ್ಣಿದ್ದಾಗ ಅದರಲ್ಲೊಂದು ಪಾಲು ಇಂಗುತ್ತಿತ್ತು. ಈಗ ಗೇಟು ದಾಟಿ ರಸ್ತೆಗೆ, ರಸ್ತೆಯಿಂದ ತಗ್ಗಿನ ಮನೆಯವರ ಬಾಗಿಲಿಗೆ! ಜುಲೈಯಲ್ಲಿ ‘ಚರಂಡಿ ಸರಿ ಇಲ್ಲ’ ಎಂದು ಬೊಬ್ಬೆ, ಏಪ್ರಿಲಿನಲ್ಲಿ ‘ಬಾವಿ ಬತ್ತಿತು’ ಎಂದು ಟ್ಯಾಂಕರಿಗೆ ಫೋನು. ಎರಡಕ್ಕೂ ನಮ್ಮ ಅಂಗಳದ ಪಾಲು ಉಂಟು ಎಂದು ಒಪ್ಪುವವರು ಎಷ್ಟು ಮಂದಿ?

ದಾರಿ ಇಲ್ಲದೆ ಇಲ್ಲ. ನಡೆಯುವಲ್ಲಿ, ಕಾರು ನಿಲ್ಲುವಲ್ಲಿ ಮಾತ್ರ ಹಾಸಿ. ತೆಂಗಿನ ಬುಡ, ಬಾವಿಯ ಸುತ್ತ, ಕಾಂಪೌಂಡಿನ ಬದಿ ಮಣ್ಣೇ ಇರಲಿ. ಇಂಟರ್‌ಲಾಕ್ ಹಾಕುವುದಾದರೆ ಜಲ್ಲಿಯ ಮೇಲೆ ಮರಳು ಹರಡಿ ಕೂರಿಸಿ, ಸಂದಿಗೂ ಮರಳನ್ನೇ ತುಂಬಿ. ಅಡಿಗೆ ಕಾಂಕ್ರೀಟು ಹಾಕಿದರೆ ನೀರು ಇಂಗಲು ಜಾಗವೇ ಇಲ್ಲ. ಹುಲ್ಲು ಬೆಳೆಯುವ ತೂತಿನ ಬ್ಲಾಕುಗಳೂ ಬಂದಿವೆ.

ಪಂಚಾಯತು, ನಗರಪಾಲಿಕೆಯವರೂ ಡೋರ್ ನಂಬ್ರ ಕೊಡಲು ಬಂದಾಗ ಗೋಡೆ ಅಳೆದದ್ದು ಸಾಕು, ಅಂಗಳದಲ್ಲಿ ಎಷ್ಟು ಮಣ್ಣು ಉಳಿದಿದೆ ಎಂದೂ ನೋಡಲಿ. ತಾವೇ ಫುಟ್‌ಪಾತಿಗೆ ನುಣುಪು ಟೈಲ್ಸು ಹಾಸುವುದನ್ನು ಮೊದಲು ನಿಲ್ಲಿಸಲಿ.

ನೆಂಟರು ಅಂಗಳ ಹೊಗಳುವುದು ಒಂದು ದಿನ. ಮನೆಯವರು ಅದರ ಮೇಲೆ ನಡೆಯುವುದು ದಿನಾ. ಹಾಸುವ ಮೊದಲು ಮನೆಯ ಅಜ್ಜಿಯನ್ನು ಒಂದು ಮಾತು ಕೇಳಿ.