ನೇರಪ್ರಸಾರದ ಅಡಿಬರಹದ ವಿಷಯವಾಗಿ

ನಮ್ಮ ಶಾಲೆಯ ಕಳೆದ ವಾರ್ಷಿಕೋತ್ಸವವನ್ನು ಯೂಟ್ಯೂಬಿನ ಮೂಲಕ ನೇರವಾಗಿ ಪ್ರಸಾರ ಮಾಡಿದ್ದನ್ನು ಈ ಸಂಚಿಕೆಯ ವಾಚಕರಲ್ಲಿ ಅನೇಕರು ಬಲ್ಲರು. ದೂರದ ಊರುಗಳಲ್ಲಿಯೂ ಪರದೇಶಗಳಲ್ಲಿಯೂ ಇರುವ ಹಳೆಯ ವಿದ್ಯಾರ್ಥಿನಿಯರು ಅದನ್ನು ನೋಡಿ ಸಂತೋಷಪಟ್ಟು ಬರೆದ ಕಾಗದಗಳು ನಮಗೆ ಬಂದುವು. ಅವುಗಳಲ್ಲಿ ಒಂದು ಮಾತ್ರ ನಾವು ತಲೆತಗ್ಗಿಸುವಂತೆ ಮಾಡಿತು. ಅದನ್ನು ಬರೆದವರು ನಮಗಿಂತ ಹಿರಿಯರು. ಇದೇ ಶಾಲೆಯಲ್ಲಿ ಓದಿ, ಭಾಷಣದ ಸ್ಪರ್ಧೆಯಲ್ಲಿ ಎರಡು ಸಾರಿ ಬಹುಮಾನ ಪಡೆದು, ನಡುವಯಸ್ಸಿನಲ್ಲಿ ಶ್ರವಣಶಕ್ತಿಯನ್ನು ಕಳೆದುಕೊಂಡವರು. ಎದುರಿಗೆ ಕುಳಿತು ಮಾತನಾಡುವವರ ತುಟಿಗಳನ್ನು ನೋಡಿ ಅವರು ಅಷ್ಟಿಷ್ಟು ಗ್ರಹಿಸಬಲ್ಲರು. ಆದರೆ ನಮ್ಮ ಕ್ಯಾಮೆರವು ವೇದಿಕೆಯಿಂದ ದೂರವಿತ್ತು. ಮೈಕು ಭಾಷಣಕಾರರ ಬಾಯಿಗೆ ಮರೆಯಾಗಿತ್ತು. ಎರಡು ಗಂಟೆಗಳ ಕಾಲ ಅವರು ಚಿತ್ರವನ್ನು ನೋಡಿದರು, ಅಷ್ಟೇ. ವರದಿಯ ಕೊನೆಯಲ್ಲಿ, ಆ ವರ್ಷ ತೀರಿಹೋದ ಹಳೆಯ ಉಪಾಧ್ಯಾಯಿನಿಯರ ಹೆಸರುಗಳನ್ನು ನಾವು ಓದಿದೆವು. ಇವರಿಗೆ ಕನ್ನಡ ಕಲಿಸಿದವರೂ ಅವರಲ್ಲಿ ಒಬ್ಬರು. ಆ ಸುದ್ದಿಯು ಇವರಿಗೆ ತಿಳಿದದ್ದು ಮೂರು ವಾರಗಳ ತರುವಾಯ, ಬೇರೊಬ್ಬರ ಕಾಗದದಿಂದ.

ತಪ್ಪು ನಮ್ಮದೇ. ನೇರಪ್ರಸಾರಕ್ಕೆ ಕ್ಯಾಪ್ಷನ್ ಎಂದು ಕರೆಯಲ್ಪಡುವ ಅಡಿಬರಹವನ್ನು ಏರ್ಪಡಿಸಬಾರದೇ ಎಂದು ಕಿರಿಯ ಉಪಾಧ್ಯಾಯಿನಿಯೊಬ್ಬರು ಮೊದಲೇ ಕೇಳಿದ್ದರು. ಈಗ ಯಂತ್ರವೇ ಎಲ್ಲವನ್ನೂ ಬರೆದುಕೊಳ್ಳುವದಲ್ಲಾ ಎಂದು ನಾವು ಉತ್ತರಕೊಟ್ಟು ಆ ಮಾತನ್ನು ಮುಗಿಸಿದೆವು. ಯಂತ್ರವು ಬರೆಯಿತು, ನಿಜ. ಯಾರೋ ಅದನ್ನು ಇಂಗ್ಲಿಷಿಗೆ ಹೊಂದಿಸಿದ್ದರು. ಆದಕಾರಣ ನಮ್ಮ ಕನ್ನಡ ವರದಿಯು ಅರ್ಥವಿಲ್ಲದ ಇಂಗ್ಲಿಷ್ ಪದಗಳ ಸಾಲಾಗಿ ಪರದೆಯ ಮೇಲೆ ಹರಿಯಿತು.

ಕನ್ನಡಕ್ಕೇ ಹೊಂದಿಸಿದ್ದರೂ ಯಂತ್ರವನ್ನು ಒಂಟಿಯಾಗಿ ಬಿಡುವದು ಸರಿಯಲ್ಲವೆಂದು ಈಗ ನಮಗೆ ತೋರುತ್ತದೆ. ನಮ್ಮ ಭಾಷೆಯಲ್ಲಿ 'ಹೇಳಿದ ಮಾತು' ಎಂಬುದಕ್ಕೂ 'ಹೇಳದ ಮಾತು' ಎಂಬುದಕ್ಕೂ ಒಂದು ಗುಣಿತಾಕ್ಷರ ಮಾತ್ರ ವ್ಯತ್ಯಾಸ. ಆದರೆ ಅರ್ಥವು ತಲೆಕೆಳಗಾಗುತ್ತದೆ. ಕೇಳಿಸುವವರಾದರೆ ಇಂಥ ತಪ್ಪನ್ನು ಕಿವಿಯಿಂದ ತಿದ್ದಿಕೊಳ್ಳುವರು. ಬರಹವನ್ನೇ ನಂಬಿದವರು ಯಾವದರಿಂದ ತಿದ್ದಿಕೊಳ್ಳಬೇಕು? ಇದಲ್ಲದೆ ಹೆಣ್ಣುಮಕ್ಕಳ ಹೆಸರುಗಳು, ಊರುಗಳ ಹೆಸರುಗಳು, ನಡುನಡುವೆ ಬರುವ ಇಂಗ್ಲಿಷ್ ಮಾತುಗಳು ಇವೆಲ್ಲಾ ಯಂತ್ರವನ್ನು ಎಡವಿಸುತ್ತವೆ. ಬಹುಮಾನ ಪಡೆದ ಹುಡುಗಿಯ ಹೆಸರನ್ನೇ ತಪ್ಪಾಗಿ ಓದುವ ಅಜ್ಜಿಯ ಸ್ಥಿತಿಯನ್ನು ಯೋಚಿಸಿರಿ.

ಅಮೇರಿಕಾ ದೇಶದಲ್ಲಿ ಟೆಲಿವಿಷನ್ನಿನ ನೇರಪ್ರಸಾರಕ್ಕೆ ಆ ಕ್ಷಣದಲ್ಲೇ ಅಡಿಬರಹ ಕೊಡುವ ಪದ್ಧತಿಯು 1982ರಲ್ಲಿಯೇ ಮೊದಲಾಯಿತು. ಅಲ್ಲಿ ನ್ಯಾಯಾಲಯದ ಶೀಘ್ರಲಿಪಿಕಾರರು ಉಪಯೋಗಿಸುವ ಸ್ಟೆನೋಟೈಪ್ ಯಂತ್ರವೇ ಇದಕ್ಕೂ ಆಧಾರ. ಅನೇಕ ಕೀಲಿಗಳನ್ನು ಒಟ್ಟಿಗೆ ಒತ್ತಿ ಒಂದು ಉಚ್ಚಾರಾಂಶವನ್ನೋ ಇಡೀ ಪದವನ್ನೋ ಒಮ್ಮೆಗೇ ಬರೆಯುತ್ತಾರೆ. ಅವರ ಪರೀಕ್ಷೆಯಲ್ಲಿ ನಿಮಿಷಕ್ಕೆ 225 ಪದಗಳ ವೇಗವನ್ನು ಕೇಳುವದುಂಟು. ಬ್ರಿಟನ್ನಿನಲ್ಲಿ ಬೇರೊಂದು ಉಪಾಯವು ರೂಢಿಗೆ ಬಂದಿದೆ: ಪ್ರಶಾಂತವಾದ ಕೋಣೆಯಲ್ಲಿ ಕುಳಿತವರೊಬ್ಬರು ಭಾಷಣವನ್ನು ಕೇಳುತ್ತಾ, ಅದನ್ನೇ ಸ್ಪಷ್ಟವಾಗಿ, ವಿರಾಮಚಿಹ್ನೆಗಳ ಸಮೇತ, ಯಂತ್ರಕ್ಕೆ ಮರಳಿ ಹೇಳುತ್ತಾರೆ, ಯಂತ್ರಕ್ಕೆ ಅವರ ಧ್ವನಿಯ ಪರಿಚಯವಿರುವದರಿಂದ ತಪ್ಪುಗಳು ಕಡಿಮೆ. ಎರಡೂ ಕಡೆ ಬರಹವು ಮಾತಿಗಿಂತ ಕೆಲವು ಸೆಕೆಂಡುಗಳಷ್ಟು ಹಿಂದೆ ಬೀಳುವದು ಸಹಜ. ಅದಕ್ಕಾಗಿ ಯಾರೂ ಬೇಸರಪಡರು.

ನಮ್ಮ ಶಾಲೆಗೆ ಅಂಥ ಯಂತ್ರವೂ ಇಲ್ಲ, ಹಣವೂ ಇಲ್ಲ. ಆದರೆ ಟೈಪಿಂಗ್ ಬಲ್ಲ ಹಳೆಯ ವಿದ್ಯಾರ್ಥಿನಿಯರು ಇದ್ದಾರೆ. ಕನ್ನಡ ಶೀಘ್ರಲಿಪಿಯ ಪರೀಕ್ಷೆಯಲ್ಲಿ ತೇರ್ಗಡೆಯಾದವರೂ ಇದ್ದಾರೆ. ಝೂಮ್ ಸಭೆಯಲ್ಲಿ ಅಡಿಬರಹವನ್ನು ಟೈಪ್ ಮಾಡುವ ಕೆಲಸವನ್ನು ಸಭೆ ನಡೆಸುವವರು ಒಬ್ಬರಿಗೆ ವಹಿಸಬಹುದು. ಸ್ವಾಗತಭಾಷಣ, ವರದಿ, ಹಾಡು, ಬಹುಮಾನಿತರ ಪಟ್ಟಿ ಇವೆಲ್ಲಾ ಮೊದಲೇ ಬರೆದಿರುವಂಥವು. ಅವುಗಳನ್ನು ಮುಂಚಿತವಾಗಿ ಟೈಪ್ ಮಾಡಿಟ್ಟುಕೊಂಡು ಸಾಲುಸಾಲಾಗಿ ಬಿಟ್ಟರಾಯಿತು. ಉಳಿಯುವದು ಅತಿಥಿಗಳ ಭಾಷಣ. ಅದಕ್ಕೆ ಇಬ್ಬರು ಕುಳಿತು, ಹತ್ತು ಹದಿನೈದು ನಿಮಿಷಗಳಿಗೊಮ್ಮೆ ಸರದಿ ಬದಲಿಸಬೇಕು; ಎಷ್ಟೇ ಅಭ್ಯಾಸವಿದ್ದರೂ ಒಬ್ಬರ ಕೈಯೂ ಮನಸ್ಸೂ ಅದಕ್ಕಿಂತ ಹೆಚ್ಚು ಹೊತ್ತು ಚುರುಕಾಗಿರವು. ಪ್ರತಿಯೊಂದು ಮಾತೂ ಸಿಕ್ಕದಿದ್ದರೆ ಸಾರವನ್ನಾದರೂ ಬರೆಯಲಿ. ಮಾತನಾಡುವವರ ಹೆಸರನ್ನು ಕಾಣಿಸಲಿ. ಸಭೆಯು ನಕ್ಕರೆ ನಗುವೆಂದೂ ಚಪ್ಪಾಳೆ ತಟ್ಟಿದರೆ ಚಪ್ಪಾಳೆಯೆಂದೂ ಬರೆಯಲಿ. ಅತಿಥಿಗಳು ನಿಧಾನವಾಗಿ ಮಾತನಾಡುವಂತೆ ಅರಿಕೆ ಮಾಡುವ ಕೆಲಸವನ್ನು ನಾವು ವಹಿಸಿಕೊಳ್ಳುತ್ತೇವೆ. (ಅವರಲ್ಲಿ ಕೆಲವರು ಸಮಯವನ್ನೇ ಪಾಲಿಸುವದಿಲ್ಲವೆಂಬುದು ಬೇರೆ ಮಾತು.)

ಪ್ರಸಾರ ಮುಗಿದ ಮೇಲೆ ನಿಧಾನವಾಗಿ ಅಡಿಬರಹ ಸೇರಿಸಿದರೆ ಸಾಲದೇ ಎಂದು ಆಡಳಿತ ಸಮಿತಿಯ ಹಿರಿಯರೊಬ್ಬರು ಕೇಳಿದರು. ಹಾಡು ನೃತ್ಯಗಳಿಗೆ ಸಾಕಾದೀತು. ಆದರೆ ಪೋಷಕರ ಸಭೆಯನ್ನೂ ನಾವು ಈಗ ಝೂಮಿನಲ್ಲಿ ನಡೆಸುತ್ತೇವೆ. ಅಲ್ಲಿ ಶುಲ್ಕದ ವಿಷಯ, ವಸತಿಗೃಹದ ವಿಷಯ ಚರ್ಚೆಯಾಗಿ ನಿರ್ಣಯಗಳು ಆಗುತ್ತವೆ. ಕಿವಿ ಕೇಳಿಸದ ತಂದೆಯೋ ತಾಯಿಯೋ ಮಾರನೆಯ ದಿನ ಎಲ್ಲವನ್ನೂ ಓದಿದರೆ, ಮುಗಿದುಹೋದ ನಿರ್ಣಯದ ಬಗ್ಗೆ ಏನನ್ನು ಕೇಳಬಲ್ಲರು? ನಮ್ಮ ಮಕ್ಕಳ ಪೋಷಕರಲ್ಲಿ ಅಂಥವರು ಎಷ್ಟು ಜನ ಎಂದು ನಾವು ಈ ವರೆಗೆ ಲೆಕ್ಕ ಹಾಕಿಲ್ಲ. ಪ್ರವೇಶಪತ್ರದಲ್ಲಿ ಆ ಪ್ರಶ್ನೆಯೇ ಇಲ್ಲ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಶ್ರವಣದೋಷವುಳ್ಳವರು 50 ಲಕ್ಷಕ್ಕೂ ಹೆಚ್ಚು. ವಿಕಲಚೇತನರ ಹಕ್ಕುಗಳ ಕುರಿತಾದ 2016ರ ಕಾಯಿದೆಯೂ ಅಡಿಬರಹವನ್ನು ಹೆಸರಿಸಿ ಹೇಳಿ, ಅದರ ಹೊಣೆಯನ್ನು ಸರ್ಕಾರದ ಮೇಲೆ ಇಟ್ಟಿದೆ. ಸರ್ಕಾರವು ಮಾಡಲಿ, ನಮ್ಮ ಮನೆಯ ಸಭೆಗೆ ಬಂದವರನ್ನು ನಾವೇ ನೋಡಿಕೊಳ್ಳಬೇಕಷ್ಟೆ.

ಅಡಿಬರಹದಿಂದ ಗದ್ದಲದ ಸ್ಥಳದಲ್ಲಿರುವವರಿಗೂ, ಕನ್ನಡ ಕಲಿಯುತ್ತಿರುವ ಪರದೇಶದ ಮೊಮ್ಮಕ್ಕಳಿಗೂ ಪ್ರಯೋಜನವುಂಟೆಂದು ಹೇಳುವರು. ಇರಬಹುದು. ಅಷ್ಟು ಜನರ ಲಾಭವನ್ನು ತೋರಿಸದ ಹೊರತು ಒಬ್ಬ ಹಳೆಯ ವಿದ್ಯಾರ್ಥಿನಿಗಾಗಿ ಈ ಶ್ರಮವನ್ನು ಪಡಲಾರೆವೆಂಬಂತೆ ಅದು ಕೇಳಿಸುವದರಿಂದ, ನಾವು ಆ ವಾದವನ್ನು ಮುಂದಿಡುವದಿಲ್ಲ.

ಮುಂದಿನ ಪೋಷಕರ ಸಭೆಯಿಂದಲೇ ಆರಂಭಿಸುವದೆಂದು ಗೊತ್ತುಮಾಡಿದ್ದೇವೆ. ಕನ್ನಡ ಟೈಪಿಂಗ್ ಬಲ್ಲವರು ತಮ್ಮ ಹೆಸರುಗಳನ್ನು ಶಾಲೆಯ ಕಛೇರಿಗೆ ಕಳುಹಿಸಬೇಕೆಂದು ಬೇಡುತ್ತೇವೆ. ಅಭ್ಯಾಸಕ್ಕಾಗಿ ಶನಿವಾರ ಮಧ್ಯಾಹ್ನಗಳಲ್ಲಿ ಸೇರೋಣ. ಕಾಗದ ಬರೆದ ಆ ಹಿರಿಯರನ್ನು ಈ ಅಭ್ಯಾಸಗಳಿಗೆ ಪರೀಕ್ಷಕರಾಗಿರಬೇಕೆಂದು ಕೇಳಿಕೊಂಡೆವು. ಒಪ್ಪಿದ್ದಾರೆ, ಕಾಗುಣಿತದ ತಪ್ಪಿಗೆ ಅಂಕ ಕಳೆಯುವೆನೆಂದು ಮೊದಲೇ ತಿಳಿಸಿದ್ದಾರೆ.