ಎಚ್‌ಐವಿ ಕಲಿಸಿದ ಪಾಠ ಕ್ಯಾನ್ಸರ್ ಚಿಕಿತ್ಸೆಗೆ ಬೇಡವೇ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಜನರಿಗೆ ಎಚ್‌ಐವಿ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. 2003ರ ಸುಮಾರಿಗೆ ಬಾಗಲಕೋಟೆ ಜಿಲ್ಲೆಯಲ್ಲಿ ನಡೆದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಸುಮಾರು ಶೇ 3ರಷ್ಟು ಮಂದಿಗೆ ಸೋಂಕು ಕಂಡುಬಂದಿತ್ತು. ಅಂಥ ಊರುಗಳಲ್ಲಿ, ಅದೇ ವೈರಸ್ಸನ್ನು ಪಳಗಿಸಿ ಕ್ಯಾನ್ಸರ್‌ಗೆ ಔಷಧ ಮಾಡುತ್ತಿದ್ದಾರೆ ಅಂದರೆ ಜನ ಬೆಚ್ಚುವುದು ಸಹಜ. ‘ಏಡ್ಸ್ ವೈರಸ್ಸು ಮೈಯಾಗ ಬಿಟ್ರ ಕ್ಯಾನ್ಸರ್ ಹೋಗ್ತೈತೇನ್ರೀ?’ ಎಂಬ ಪ್ರಶ್ನೆಗೆ ನಗುವ ಬದಲು ಉತ್ತರ ಕೊಡಬೇಕು.

ಮೈಯೊಳಗೆ ಎಚ್‌ಐವಿ ಬಿಡುವುದಿಲ್ಲ. ರೋಗಿಯ ರಕ್ತದಿಂದ ‘ಟಿ’ ಜೀವಕೋಶಗಳನ್ನು ತೆಗೆಯುತ್ತಾರೆ. ಎಚ್‌ಐವಿಯಿಂದ ರೂಪಿಸಿದ ಲೆಂಟಿವೈರಸ್ ವಾಹಕಕ್ಕೆ ರೋಗ ತರುವ, ತಾನೇ ಸಂಖ್ಯೆ ಹೆಚ್ಚಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ಉಳಿದಿರುವುದು ಜೀವಕೋಶದೊಳಗೆ ನುಗ್ಗುವ ಚಾಕಚಕ್ಯತೆ ಮಾತ್ರ. ಅದು ಕ್ಯಾನ್ಸರ್ ಕೋಶದ ಗುರುತು ಹಿಡಿಯುವ ಜೀನನ್ನು ಹೊತ್ತು ಟಿ ಕೋಶಕ್ಕೆ ಸೇರಿಸುತ್ತದೆ. ಹೀಗೆ ತಯಾರಾದ ಕೋಶಗಳನ್ನು ಪ್ರಯೋಗಾಲಯದಲ್ಲೇ ಬೆಳೆಸಿ ರೋಗಿಗೆ ವಾಪಸ್ ಏರಿಸುತ್ತಾರೆ. ಇದೇ ಕಾರ್-ಟಿ ಚಿಕಿತ್ಸೆ.

ಇನ್ನೊಂದು ದಾರಿಯೂ ಇದೆ. ಮಾರ್ಪಡಿಸಿದ ವೈರಸ್ಸನ್ನು ನೇರವಾಗಿ ಗಡ್ಡೆಗೇ ಚುಚ್ಚುವುದು. ಅದು ಕ್ಯಾನ್ಸರ್ ಕೋಶದೊಳಗೆ ಬೆಳೆದು ಅದನ್ನು ಒಡೆಯುತ್ತದೆ. ಚರ್ಮದ ಕ್ಯಾನ್ಸರ್ ಆದ ಮೆಲನೋಮಾಕ್ಕೆ ಇಂಥ ಹರ್ಪಿಸ್ ವೈರಸ್ಸನ್ನು ಅಮೆರಿಕ 2015ರಲ್ಲಿ ಒಪ್ಪಿತು, ಮಿದುಳಿನ ಗಡ್ಡೆಗೆ ಜಪಾನ್ 2021ರಲ್ಲಿ. ನಮ್ಮಲ್ಲಿ ರೋಗಿಯ ತನಕ ಬಂದಿರುವುದು ಮೊದಲಿನ ದಾರಿ.

ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆ ಸೇರಿ ರೂಪಿಸಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿ 2025ರ ಜನವರಿಯಲ್ಲಿ ಕಾರ್ಟೆಮಿ ಬಿಡುಗಡೆ ಮಾಡಿತು. ಎರಡೂ ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗೆ, ಅದೂ ಬೇರೆ ಚಿಕಿತ್ಸೆ ಫಲಿಸದವರಿಗೆ. ನೆಕ್ಸ್‌ಕಾರ್19 ಪ್ರಯೋಗದಲ್ಲಿ 64 ರೋಗಿಗಳಿದ್ದರು. ಫಲಿತಾಂಶ ಅಳೆಯಲು ಸಾಧ್ಯವಾದವರಲ್ಲಿ ಸುಮಾರು ಶೇ 73ರಷ್ಟು ಮಂದಿಯಲ್ಲಿ ಕ್ಯಾನ್ಸರ್ ಹಿಮ್ಮೆಟ್ಟಿತು. ಚಿಕಿತ್ಸೆಯ ಕಾರಣಕ್ಕೇ ಇಬ್ಬರು ತೀರಿಕೊಂಡರು. ಹಾಗಾಗಿ ಇದು ಪವಾಡವೂ ಅಲ್ಲ, ಮೋಸವೂ ಅಲ್ಲ.

ಅಮೆರಿಕದಲ್ಲಿ ಇಂಥ ಔಷಧದ ಬೆಲೆ 3-4 ಕೋಟಿ ರೂಪಾಯಿ. ಇಲ್ಲಿ 30ರಿಂದ 50 ಲಕ್ಷದ ಆಸುಪಾಸು. 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಜೀನ್ ಚಿಕಿತ್ಸೆಗೆ ತೆರಿಗೆಯನ್ನೂ ತೆಗೆಯಿತು. ದೊಡ್ಡ ಸಾಧನೆಯೇ, ಒಪ್ಪೋಣ. ಆದರೆ ಬನಹಟ್ಟಿಯ ಮಗ್ಗದ ಮನೆಗೆ ನಾಲ್ಕು ಕೋಟಿಯೂ ಒಂದೇ, ನಲವತ್ತು ಲಕ್ಷವೂ ಒಂದೇ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಸಿಗುವುದು 5 ಲಕ್ಷದವರೆಗೆ. ಉಳಿದದ್ದಕ್ಕೆ ಕಬ್ಬಿನ ಹೊಲವನ್ನೇ ಮಾರಬೇಕು. ಮೇಲಾಗಿ ಬೆಂಗಳೂರು 500 ಕಿಲೋಮೀಟರಿಗೂ ದೂರ.

ಇಲ್ಲಿ ನನಗೆ ಎಚ್‌ಐವಿಯ ಕತೆಯೇ ನೆನಪಾಗುತ್ತದೆ. ಆ ಔಷಧವೂ ಒಂದು ಕಾಲಕ್ಕೆ ಬಡವರ ಕೈಗೆ ಎಟುಕದ್ದಾಗಿತ್ತು. 2001ರಲ್ಲಿ ಸಿಪ್ಲಾ ಕಂಪನಿ ವರ್ಷದ ಔಷಧವನ್ನು 350 ಡಾಲರಿಗೆ ಕೊಡುತ್ತೇನೆ ಅಂತ ಮುಂದೆ ಬಂತು. ಆದರೂ ಅಷ್ಟರಿಂದಲೇ ಹಳ್ಳಿಯವರು ಉಳಿಯಲಿಲ್ಲ. 2004ರ ಏಪ್ರಿಲ್‌ನಿಂದ ಸರ್ಕಾರ ಉಚಿತವಾಗಿ ಕೊಡಲು ಶುರು ಮಾಡಿತು, ಆಮೇಲೆ ಎಆರ್‌ಟಿ ಕೇಂದ್ರಗಳು ಜಿಲ್ಲೆಗಳಿಗೆ ಬಂದವು. ಆಗ ಜನ ಬದುಕಿದರು. ಬೆಲೆ ಇಳಿಸಿದ್ದು ಮೊದಲ ಹೆಜ್ಜೆ, ಸರ್ಕಾರ ಹೊಣೆ ಹೊತ್ತದ್ದು ಎರಡನೆಯದು. ಕಾರ್-ಟಿ ವಿಷಯದಲ್ಲಿ ನಾವು ಮೊದಲ ಹೆಜ್ಜೆಯಲ್ಲೇ ಚಪ್ಪಾಳೆ ತಟ್ಟುತ್ತಾ ನಿಂತಿದ್ದೇವೆ.

‘ನಾಲ್ಕು ಮಂದಿಗೆ ಕೋಟಿ ಸುರಿಯುವ ಬದಲು ತಂಬಾಕಿನಿಂದ ಬರುವ ಬಾಯಿ ಕ್ಯಾನ್ಸರ್, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡಿ’ ಎಂಬ ಮಾತಿದೆ. ನ್ಯಾಯವಾದ ಮಾತು. ಆ ಕ್ಯಾನ್ಸರ್‌ಗಳಿಗೆ ಕಾರ್-ಟಿ ಔಷಧವಲ್ಲ. ಬೇಗ ಪತ್ತೆಯಾದರೆ ಈಗಿರುವ ಚಿಕಿತ್ಸೆಯಲ್ಲೇ ಗುಣವಾಗುವ ಸಾಧ್ಯತೆ ಹೆಚ್ಚು. ತಾಲ್ಲೂಕು ಆಸ್ಪತ್ರೆಗಳಲ್ಲಿ ತಪಾಸಣೆ ಮೊದಲು ಗಟ್ಟಿಯಾಗಲಿ. ಹಾಗಂತ ರಕ್ತದ ಕ್ಯಾನ್ಸರ್ ಬಂದ ಬಡವ ತನ್ನ ಪಾಳಿಗೆ ಕಾಯುತ್ತಾ ಕೂರಬೇಕೇ?

ರಾಜ್ಯ ಸರ್ಕಾರ ಮಾಡಬಹುದಾದ ಕೆಲಸ ಸ್ಪಷ್ಟವಾಗಿದೆ. ಯಾರಿಗೆ ಈ ಚಿಕಿತ್ಸೆ ಎಂಬುದನ್ನು ಕಿದ್ವಾಯಿಯಂಥ ಸಂಸ್ಥೆಯ ತಜ್ಞರು ನಿರ್ಧರಿಸಲಿ. ಅಂಥ ರೋಗಿಗಳ ಪರವಾಗಿ ಸರ್ಕಾರವೇ ಕಂಪನಿಗಳ ಜೊತೆ ಒಟ್ಟಿಗೆ ಚೌಕಾಸಿ ಮಾಡಲಿ. 5 ಲಕ್ಷದ ಮಿತಿ ಮೀರಿದ ಪ್ರತ್ಯೇಕ ಪ್ಯಾಕೇಜ್ ಇರಲಿ. ತಿಂಗಳುಗಟ್ಟಲೆ ಬಿಡದ ಜ್ವರ, ಉಬ್ಬಿದ ಗಂಟುಗಳನ್ನು ಕಂಡರೆ ತಾಲ್ಲೂಕಿನ ವೈದ್ಯರು ಯಾರಿಗೆ ಫೋನ್ ಮಾಡಬೇಕು, ಎಲ್ಲಿಗೆ ಕಳಿಸಬೇಕು ಎಂಬುದು ಬರವಣಿಗೆಯಲ್ಲಿರಲಿ.

ಔಷಧ ನಮ್ಮ ರಾಜಧಾನಿಯಲ್ಲೇ ತಯಾರಾಗುತ್ತಿದೆ. ಅದು ಜಮಖಂಡಿ ಮುಟ್ಟುವ ದಾರಿ ಹಾಕುವ ಕೆಲಸ ವಿಜ್ಞಾನಿಗಳದ್ದಲ್ಲ, ವಿಧಾನಸೌಧದ್ದು.